ಕೇಳದೆ ತೆಗೆದ ಪಟ

ಹೋದ ವಾರ ನಮ್ಮೂರ ಬಸ್ ಸ್ಟ್ಯಾಂಡಿನ ಎದುರಿಗೆ ಒಬ್ಬ ಕಂಚಿನ ಸಿಪಾಯಿಯನ್ನು ನಿಲ್ಲಿಸಿದರು. ಬೂದಿಗುಡ್ಡದ ಕಾಳಗದಲ್ಲಿ ಸತ್ತ ನನ್ನ ಮಗ ದ್ಯಾಮಣ್ಣ ಅಂತೆ ಅವನು. ನನ್ನನ್ನು ರಿಕ್ಷಾದಲ್ಲಿ ಕರೆದುಕೊಂಡು ಹೋಗಿ, ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸಿ, ಶಾಲು ಹೊದಿಸಿದರು. ಪರದೆ ಸರಿಸಿದಾಗ ನೋಡುತ್ತೇನೆ, ಆ ಗೊಂಬೆಗೆ ಚೂಪು ಮೂಗು, ಹುರಿ ಮಾಡಿದ ಮೀಸೆ. ಬಲಗೈ ಹುಬ್ಬಿನ ಹತ್ತಿರ, ಸೆಲ್ಯೂಟ್ ಹೊಡೆಯುವ ಹಾಗೆ.

"ಈ ಮುಖ ಯಾರದಪ್ಪ?" ಅಂತ ಪಕ್ಕದಲ್ಲಿದ್ದ ಮುನಸಿಪಾಲ್ಟಿಯವನನ್ನು ಕೇಳಿದೆ.

"ಅದು ಕಲಾವಿದರ ಕಲ್ಪನೆ, ಅಜ್ಜಿ" ಅಂದ.

ಮುಖವೂ ಕಲ್ಪನೆ, ಕೈಯೂ ಕಲ್ಪನೆ. ಇಷ್ಟು ವರ್ಷ ನುಂಗಿಕೊಂಡು ಕೂತಿದ್ದದ್ದು ಆವತ್ತು ಗಂಟಲಿಗೆ ಬಂತು. ನುಂಗಿಕೊಳ್ಳಲಿಕ್ಕೆ ನನಗೆ ಕಾರಣವಿತ್ತು. ನನ್ನ ಮಾತಿನಿಂದ ಯಾರಿಗೆ ನೋವಾಗುತ್ತದೆ ಅಂತ ಅಂಜಿದ್ದೆನೋ ಆ ಹೆಂಗಸರಲ್ಲಿ ಕೊನೆಗೆ ಉಳಿದಿದ್ದವಳು, ನನ್ನ ಗೆಳತಿ ಕಾಶಿಂಬಿ, ಹೋದ ಮಳೆಗಾಲದಲ್ಲಿ ತೀರಿಕೊಂಡಳು. ಇನ್ನು ನಾನು ಅಂಜಬೇಕಾದವರು ಯಾರೂ ಉಳಿದಿಲ್ಲ. ಬರೆಯುತ್ತೇನೆ.

ನಮ್ಮೂರಲ್ಲಿ ಪಟ ತೆಗೆಯುವವರು ಕೇಳಿ ತೆಗೆಯುತ್ತಾರೆ. "ತೆಗೀಲೇನ್ರಿ?" ಅನ್ನಬೇಕು, ಎದುರಿಗಿದ್ದವರು "ಹೂಂ, ತೆಗೀರಿ" ಅನ್ನಬೇಕು. ಕೇಳದೆ ತೆಗೆದರೆ ಪಟದಲ್ಲಿ ಮನುಷ್ಯ ಬೆನ್ನು ತಿರುಗಿಸಿಬಿಟ್ಟಿರುತ್ತಾನೆ. ಹಿಂದಿನ ಗೋಡೆ, ಗಿಡ, ಕಟ್ಟಿದ ಎಮ್ಮೆ ಎಲ್ಲಾ ಇದ್ದಲ್ಲೇ ಇರುತ್ತವೆ, ಅವನೊಬ್ಬ ಆ ಕಡೆ. ನಮ್ಮೂರಲ್ಲಿ ಹುಟ್ಟಿದವರು ಯಾವ ದೇಶಕ್ಕೆ ಹೋದರೂ ಇದು ತಪ್ಪಿದ್ದಲ್ಲ. ಪರಊರಿಗೆ ದುಡಿಯಲು ಹೋದ ಹುಡುಗರ ಗುರುತಿನ ಕಾರ್ಡಿನಲ್ಲಿ ಬರೀ ಹಿಂದಲೆ ಬಂದು, ಅವರು ಮತ್ತೆ ಸಾಲು ನಿಂತು, "ಸಾಹೇಬ್ರ, ಒಂದ್ ಮಾತು ಕೇಳಿ ತೆಗೀರಿ" ಅಂತ ಗೋಗರೆದದ್ದುಂಟು. ಕೂಸಾದರೆ ತಾಯಿ ಹೂಂ ಅನ್ನಬೇಕು. ಸತ್ತವರಾದರೆ ಮನೆಯವರು. ಮರೆತು ತೆಗೆದಿದ್ದರೂ ಚಿಂತೆಯಿಲ್ಲ, ತೆಗೆದವರು ಆಮೇಲೆ ಬಂದು ಕೇಳಿದರೆ, ಹೂಂ ಅಂದ ಕೂಡಲೇ ಪಟದ ಮನುಷ್ಯ ನಿಧಾನಕ್ಕೆ ಈ ಕಡೆ ತಿರುಗುತ್ತಾನೆ. ಮದುವೆಯ ಪಟಗಳಲ್ಲಿ ಊಟದ ಪಂಕ್ತಿ ಪೂರಾ ಬೆನ್ನೇ ಬೆನ್ನು. ಆಮೇಲೆ ಫೋಟೋದವನನ್ನು ಜೊತೆಗೆ ಕರೆದುಕೊಂಡು ಮನೆಮನೆಗೆ ಹೋಗಿ ಹೂಂ ಅನ್ನಿಸಿಕೊಂಡು ಬರುವುದು ಮದುಮಗಳ ಸೋದರಮಾವನ ಕೆಲಸ. ಅವನನ್ನು ಬೇಕಂತಲೇ ಒಂದೆರಡು ಮನೆಯವರು ಸತಾಯಿಸುತ್ತಾರೆ, ಚಹಾ ಕುಡಿಸಿ ಕಳಿಸುತ್ತಾರೆ.

ಬೇಡ ಅನ್ನಲಿಕ್ಕೆ ಬಾಯಿ ಬೇಕಿಲ್ಲ. ಕೈ ಎತ್ತಿ, ಅಂಗೈ ಹೊರಗೆ ಮಾಡಿ, ಮುಖಕ್ಕೆ ಅಡ್ಡ ಹಿಡಿದರೆ ಮುಗಿಯಿತು. ನಡೆಯಲು ಬಾರದ ಕೂಸುಗಳೂ ನಮ್ಮಲ್ಲಿ ಇದನ್ನು ಕಲಿತಿರುತ್ತವೆ. ಹಾಗೆ ತಾನಾಗಿ ಬೇಡ ಅಂದವರ ಪಟ ಮಾತ್ರ ಆಮೇಲೆ ಯಾರು ಹೂಂ ಅಂದರೂ ತಿರುಗುವುದಿಲ್ಲ. ನನ್ನ ಅತ್ತೆ ಬಲು ಹಟದ ಹೆಂಗಸು. ಅವಳು ಅಂಗೈ ಅಡ್ಡ ಹಿಡಿದಿದ್ದರೂ ಅವಳ ಮೊಮ್ಮಗ ತಮಾಷೆಗೆ ಒಂದು ಪಟ ತೆಗೆದಿದ್ದ. ಅವಳು ಸತ್ತ ಮೇಲೆ ಗೋಡೆಗೆ ಹಾಕಲು ಬೇರೆ ಪಟ ಇರಲಿಲ್ಲ. ಗಂಡುಮಕ್ಕಳು ಮೂವರೂ ಸಾಲಾಗಿ ನಿಂತು ಹೂಂ ಅಂದರು, ಕೈಮುಗಿದು ಹೂಂ ಅಂದರು, ಅತ್ತುಕೊಂಡು ಹೂಂ ಅಂದರು. ಅತ್ತೆ ತಿರುಗಲಿಲ್ಲ. ಈಗಲೂ ವರ್ಷಕ್ಕೊಮ್ಮೆ ನಾವು ಎಡೆಯಿಟ್ಟು ಅವಳ ತುರುಬಿಗೆ ಮಾಲೆ ಹಾಕುತ್ತೇವೆ.

ಯುದ್ಧ ಶುರುವಾದಾಗ ನಾನು ಮತ್ತು ಪಕ್ಕದ ಮನೆಯ ಕಾಶಿಂಬಿ ಕೌದಿ ಹೊಲಿದು ಬದುಕುತ್ತಿದ್ದೆವು. ಹಳೇ ಸೀರೆ, ಅಂಗಿ, ಧೋತರ ಒಂದರ ಮೇಲೊಂದು ಹಾಸಿ, ಆ ತುದಿಗೆ ಅವಳು, ಈ ತುದಿಗೆ ನಾನು. ಮಧ್ಯದಲ್ಲಿ ಎರಡು ಸೂಜಿ ಕೂಡುವ ಹೊತ್ತಿಗೆ ಊರ ಸುದ್ದಿಯೆಲ್ಲಾ ಮುಗಿದಿರುತ್ತಿತ್ತು. ಅವಳ ಮಗ ಮೌಲಾಲಿ, ನನ್ನ ಮಗ ದ್ಯಾಮಣ್ಣ ಒಂದೇ ಲಾರಿಯಲ್ಲಿ ಹೋದರು. ರುದ್ರವ್ವನ ಮಗ ಬಸಲಿಂಗನೂ ಅದರಲ್ಲೇ ಇದ್ದ. ಎಲ್ಲರಿಗೂ ಒಂದೇ ಅಳತೆಯ ಅಂಗಿ ಕೊಟ್ಟಿದ್ದರು, ಎಲ್ಲರಿಗೂ ದೊಡ್ಡದಾಗುತ್ತಿತ್ತು. ಲಾರಿ ಹೊರಟಾಗ ಕಾಶಿಂಬಿ, "ನಿಂದ್ಯಾವುದು, ನಂದ್ಯಾವುದು, ಗೊತ್ತಾಗವಲ್ದು ನೋಡ ಫಕೀರವ್ವಾ" ಅಂತ ನಕ್ಕಿದ್ದಳು.

ಬೂದಿಗುಡ್ಡದ ಕಾಳಗ ಮುಗಿದ ಮೇಲೆ ಹೋದವರಲ್ಲಿ ಯಾರ ಸುದ್ದಿಯೂ ಬರಲಿಲ್ಲ. ಸತ್ತರೋ ಸೆರೆಸಿಕ್ಕರೋ ಹೇಳುವವರಿಲ್ಲ. ಆದರೆ ಪಟಗಳು ಬಂದವು. ಪೇಪರಿನ ತುಂಬಾ ಪಟ. ಕೆಸರಿನ ಕಂದಕದಲ್ಲಿ ಒಂದೇ ಬೀಡಿಯನ್ನು ಕೈಯಿಂದ ಕೈಗೆ ದಾಟಿಸುವ ಹುಡುಗರು, ತುದಿ ಸುಟ್ಟು ಮೋಟಾದ ಗಿಡಗಳು, ಹೊಟ್ಟೆಯುಬ್ಬಿ ಬಿದ್ದ ಹೇಸರಗತ್ತೆ, ತಲೆಗೆ ಬಟ್ಟೆ ಸುತ್ತಿಸಿಕೊಳ್ಳುತ್ತಾ ಕ್ಯಾಮೆರಾ ಕಡೆ ನೋಡಿ ನಗಲು ಪ್ರಯತ್ನಪಡುವ ಒಬ್ಬ. ಪರಊರಿನ ಹುಡುಗರ ಮುಖಗಳೆಲ್ಲಾ ಇದ್ದವು. ಪಟದಲ್ಲಿ ಎಲ್ಲಾದರೂ ಒಂದು ಬೆನ್ನು ಕಂಡರೆ ನಮಗೆ ಎದೆ ಧಸಕ್ಕೆನ್ನುತ್ತಿತ್ತು. ನಿಜವಾಗಿ ಆ ಕಡೆ ನೋಡುತ್ತಿದ್ದವನ ಬೆನ್ನೋ, ನಮ್ಮೂರಿನವನ ಬೆನ್ನೋ ಅಂತ ಹೇಗೆ ಹೇಳುವುದು? ಸಂಜೆಯಾದರೆ ಹೆಂಗಸರು ಚಹಾದಂಗಡಿಗೆ ಬಂದು ಹಳೇ ಪೇಪರು ಕೇಳಿ ಒಯ್ಯುತ್ತಿದ್ದರು. ಅಂಗಡಿಯವನು ಭಜಿ ಕಟ್ಟಲಿಕ್ಕೂ ಪೇಪರು ಇಟ್ಟುಕೊಳ್ಳುತ್ತಿರಲಿಲ್ಲ.

ಆಗ ಆ ಒಂದು ಪಟ ಬಂತು. ದೇಶಕ್ಕೆಲ್ಲಾ ಗೊತ್ತಿರುವ ಪಟ. ಒಬ್ಬ ಸಿಪಾಯಿ ಮೊಣಕಾಲೂರಿ ಕೂತಿದ್ದಾನೆ, ಬೆನ್ನು ನಮ್ಮ ಕಡೆ, ತಲೆಯ ಮೇಲೆ ಉಕ್ಕಿನ ಟೋಪಿ, ಕುತ್ತಿಗೆಯ ತುಂಬಾ ಕೆಸರು. ಎದುರಿಗೆ ಬೂದಿಗುಡ್ಡ ಹತ್ತಿ ಉರಿಯುತ್ತಿದೆ. ಬಲಗೈ ಮೇಲೆತ್ತಿದ್ದಾನೆ, ನಮಗೆ ಕಾಣುವುದು ಮೊಣಕೈ ಮಾತ್ರ. ಕೆಳಗೆ ಬರೆದಿದ್ದರು: ಶತ್ರುವಿಗೆ ಎದೆಯೊಡ್ಡಿ ಕೊನೆಯ ವಂದನೆ. ಆಗ ನನಗೆ ಓದು ಬರುತ್ತಿರಲಿಲ್ಲ, ಅಂಗಡಿಯವನು ಓದಿ ಹೇಳಿದ. ಆ ಬೆನ್ನು ಗೋಡೆಗಳಿಗೆ ಬಂತು, ಅಂಚೆಚೀಟಿಗೆ ಬಂತು, ಬೆಂಕಿಪೊಟ್ಟಣದ ಮೇಲೂ ಬಂತು.

ಅದನ್ನು ತೆಗೆದವನು ಸೇತುರಾಮ ಅಂತ, ದೊಡ್ಡ ಪಟ್ಟಣದವನು. ಒಂದು ಬೇಸಿಗೆ ಅವನೇ ನಮ್ಮೂರಿಗೆ ಬಂದಿಳಿದ. ಜೊತೆಗೆ ಪ್ರಚಾರ ಖಾತೆಯ ಒಬ್ಬ ಸಾಹೇಬ, ಮತ್ತೆ ಬಾಗಿಲಿನಷ್ಟು ದೊಡ್ಡ ಚೌಕಟ್ಟಿನಲ್ಲಿ ಆ ಪಟ. ಸೇತುರಾಮನ ಪ್ರಕಾರ ಅವನು ತೆಗೆದದ್ದು ಸಿಪಾಯಿಯ ಮುಖವನ್ನು. ತೊಳೆದು ನೋಡಿದರೆ ಬೆನ್ನು ಬಂದಿತ್ತು. ತನಗೇ ಹುಚ್ಚು ಹಿಡಿಯಿತು ಅಂದುಕೊಂಡು ಸುಮ್ಮನಿದ್ದನಂತೆ. ಎಲ್ಲೋ ರೈಲಿನಲ್ಲಿ ನಮ್ಮೂರ ಹುಡುಗನೊಬ್ಬನ ಗುರುತಿನ ಕಾರ್ಡು ನೋಡಿ ವಿಷಯ ತಿಳಿದುಕೊಂಡು ಓಡಿ ಬಂದಿದ್ದ.

ಪುರಭವನದಲ್ಲಿ ಪಟ ನಿಲ್ಲಿಸಿ ಸಾಹೇಬ ಡಂಗುರ ಸಾರಿಸಿದ: ಬೂದಿಗುಡ್ಡದಿಂದ ಮಗನ ಸುದ್ದಿ ಬಾರದ ತಾಯಂದಿರೆಲ್ಲಾ ಬರಬೇಕು. ಒಬ್ಬೊಬ್ಬರಾಗಿ ಹೂಂ ಅನ್ನಬೇಕು. ಯಾರ ಮಾತಿಗೆ ಪಟ ತಿರುಗುತ್ತದೋ ಅವರ ಮಗ ಅವನು. ಅವನ ಮುಖವನ್ನು ಇಡೀ ದೇಶ ನೋಡಲಿಕ್ಕೆ ಕಾದಿದೆ.

ಯೋಚನೆ ಮಾಡಿ ನೋಡಿ. ಒಬ್ಬ ತಾಯಿಗೆ ಅವಳ ಮಗ ಸತ್ತ ಅಂತ ಹೇಳುವ ರೀತಿಯೇ ಇದು? ಆದರೂ ಹೋದೆವು. ಹೋಗದೆ ಇರಲಿಕ್ಕೆ ಯಾರಿಂದಲೂ ಆಗಲಿಲ್ಲ. ಗಂಡಸರು ಹೊರಗೆ ಬೇವಿನ ಮರದ ಕೆಳಗೆ ಬೀಡಿ ಹಚ್ಚಿ ನಿಂತರು, ಒಬ್ಬರೂ ಒಳಗೆ ಬರಲಿಲ್ಲ. ಒಳಗೆ ನಮ್ಮನ್ನು ಸೀಮೆಎಣ್ಣೆಗೆ ನಿಲ್ಲಿಸಿದ ಹಾಗೆ ಸಾಲು ನಿಲ್ಲಿಸಿದರು. ಸೇತುರಾಮ ಪಟದ ಪಕ್ಕ ನಿಂತು ಒಬ್ಬೊಬ್ಬರಿಗೂ "ತೆಗೀಲಾಮ್ಮಾ?" ಅನ್ನುತ್ತಿದ್ದ. ಯಾರೋ ಹೇಳಿಕೊಟ್ಟ ಮಾತು, ಕಂಡಕ್ಟರು ಊರಿನ ಹೆಸರು ಕೂಗಿದ ಹಾಗೆ ಕೂಗುತ್ತಿದ್ದ.

ಮೊದಲನೆಯವಳು ಹೂಂ ಅಂದಳು. ಪಟ ಮಿಸುಕಲಿಲ್ಲ. ಅವಳು ಅಲ್ಲೇ ನೆಲಕ್ಕೆ ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೆ ಅಂದುಕೊಂಡರೆ ನಗುತ್ತಿದ್ದಳು. ರುದ್ರವ್ವನ ಬಾಯಿಂದ ದನಿಯೇ ಹೊರಡಲಿಲ್ಲ. ಸಾಹೇಬ, "ಜೋರಾಗಿ ಹೇಳ್ಬೇಕಮ್ಮಾ" ಅಂತ ಗದರಿದ. ರುದ್ರವ್ವ ತಿರುಗಿ, "ಪಟಕ್ಕ ಕಿವಿ ಮಂದ ಐತೇನ್ರಿ?" ಅಂದವಳು, ಅದೇ ಸಿಟ್ಟಿನಲ್ಲಿ ಕಟ್ಟಡ ನಡುಗುವ ಹಾಗೆ ಹೂಂ ಅಂದಳು. ಬೆನ್ನು ಬೆನ್ನಾಗಿಯೇ ಇತ್ತು. ಕಾಶಿಂಬಿ ನನ್ನ ಕೈಯನ್ನು ಎಷ್ಟು ಬಿಗಿ ಹಿಡಿದಿದ್ದಳೆಂದರೆ ಬಳೆ ಒಡೆದು ನನಗೆ ಚುಚ್ಚಿತು. "ಹೂಂ... ತೆಗೀರಿ" ಅಂದಳು. ಕಣ್ಣು ಮುಚ್ಚಿದ್ದಳು. "ಏನಾತ ಫಕೀರವ್ವಾ? ಏನಾತು?" ಅಂದಳು. "ಏನೂ ಆಗಿಲ್ಲ, ಕಣ್ಣ ತಗಿ" ಅಂದೆ. ಅವಳು ಸಾಹೇಬನ ಮೇಜನ್ನು ಎರಡೂ ಕೈಯಿಂದ ಬಡಿದಳು. "ನಮ್ಮ ಮೌಲಾ ಅಲ್ರೀ! ಸಾಹೇಬ್ರ, ನಮ್ಮ ಮೌಲಾ ಅಲ್ಲ ಇಂವ!"

ಸಾಲು ಸಣ್ಣದಾದ ಹಾಗೆಲ್ಲಾ ನಗು ಹೆಚ್ಚಾಯಿತು. ನಕ್ಕವರು ನಕ್ಕಾದ ಮೇಲೆ ಹಿಂದಕ್ಕೆ ತಿರುಗಿ ನನ್ನನ್ನು ನೋಡಿ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಕೊನೆಯವಳು ನಾನು. ನಾನೊಬ್ಬಳೇ ಉಳಿದಿದ್ದೆ. ಹೂಂ ಅನ್ನುವ ಮೊದಲೇ ಎಲ್ಲರಿಗೂ ಲೆಕ್ಕ ಗೊತ್ತಾಗಿಹೋಗಿತ್ತು. ಸಾಹೇಬ ಮಾಲೆಯನ್ನು ಕೈಗೆ ತೆಗೆದುಕೊಂಡ. "ತೆಗೀಲಾಮ್ಮಾ?" ಅಂದ ಸೇತುರಾಮ.

ನನಗೆ ಆಗ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಅದು ಈಗಲೂ ನನಗೆ ಸಮಾಧಾನದ ವಿಷಯ.

"ಯಪ್ಪಾ, ನಮ್ಮೂರಾಗ ಕೇಳೋದು ಅಂದ್ರ ಹಿಂಗಲ್ಲ" ಅಂದೆ. "ಮನಿಗೆ ಬರ್ಬೇಕು. ಕುಂದರ್ಬೇಕು. ನೀರು ಕುಡೀಬೇಕು. ಆಮ್ಯಾಗ ಕೇಳ್ಬೇಕು. ಒಂದ್ ಎಮ್ಮಿ ಪಟ ತೆಗೀಲಿಕ್ಕೂ ಎಮ್ಮಿ ಮಾಲಕನ ಮನಿಗೆ ಬರ್ತಾರ."

"ಅಮ್ಮಾ, ಮಂತ್ರಿಗಳು ಬರೋ ಕಾರ್ಯಕ್ರಮ ಇದೆ..." ಅಂದ ಸಾಹೇಬ.

"ಅವರೂ ಬರ್ಲಿ. ನೀರು ಐತಿ" ಅಂದು ನಡೆದುಬಿಟ್ಟೆ.

ಮಧ್ಯಾಹ್ನ ಸೇತುರಾಮ ಒಬ್ಬನೇ ಬಂದ. ಅಂಗಳದಲ್ಲಿ ಅರ್ಧ ಹೊಲಿದ ಕೌದಿ ಹಾಸಿತ್ತು, ಅದರ ಮೇಲೆ ಕೂತ. ನೋಡಿದರೆ ಕೆಟ್ಟ ಮನುಷ್ಯನ ಹಾಗೆ ಕಾಣಲಿಲ್ಲ. ತಂಬಿಗೆಯ ನೀರು ಅಂಗಿಯ ಮೇಲೆ ಚೆಲ್ಲಿಕೊಂಡ. ನಾನು ಸೂಜಿಗೆ ದಾರ ಪೋಣಿಸುತ್ತಾ, "ಹೇಳು, ಹೆಂಗ ತಗದಿ?" ಅಂದೆ.

"ಬೆಳಿಗ್ಗೆಯಿಂದ ಗುಂಡು ಬೀಳ್ತಾ ಇತ್ತಮ್ಮ. ನಾನು ಒಂದು ಬಂಡೆ ಹಿಂದೆ ಇದ್ದೆ. ಹೊಗೆ ಒಂದು ಕ್ಷಣ ಸರೀತು. ನೋಡಿದ್ರೆ ಎದುರಿಗೇ ಈ ಹುಡುಗ. ಮೈಯೆಲ್ಲಾ ಕೆಸರು. ಬಂದು ಮೊಣಕಾಲೂರಿದ, ಮತ್ತೆ ಏಳಲಿಲ್ಲ."

"ಎಲ್ಲಿಂದ ಬಂದು?"

"ಗುಡ್ಡದ ಕಡೆಯಿಂದ."

"ಅಂದ್ರ ಗುಡ್ಡ ಇಳಿದು ಬರ್ಲಿಕ್ಕತ್ತಿದ್ದ."

ಅವನು ತಲೆ ತಗ್ಗಿಸಿದ. "ಹೂಂ. ಎಲ್ಲರಿಗೂ ಇಳೀರಿ ಅಂತ ಆರ್ಡರ್ ಬಂದಿತ್ತು. ಅದನ್ನ ಯಾರಿಗೂ ಹೇಳಿಲ್ಲ ನಾನು. ಪಟದಲ್ಲಿ ತಿರುಗಿಬಿಟ್ಟಿದ್ದರಿಂದ ಗುಡ್ಡದ ಕಡೆ ಮುಖ ಮಾಡಿದ ಹಾಗೆ ಕಾಣುತ್ತೆ. ಅವರು ಎದೆಯೊಡ್ಡಿ ಅಂತ ಬರೆದ್ರು. ನಾನು ಸುಮ್ಮನಿದ್ದೆ. ಹುಡುಗನಿಗೆ ಒಳ್ಳೆ ಹೆಸರು ಬರಲಿ ಅಂತ..."

"ಗುಡ್ಡ ಇಳಿಯೋದು ಕೆಟ್ಟ ಹೆಸರೇನು? ಮನಿಗೆ ಬರೋ ದಾರಿ ಅದ ಅಲ್ಲೇನು?" ಅಂದೆ. "ಮಾರಿ ನೋಡಿದಿ ಹೌದಲ್ಲ? ಹೆಂಗಿತ್ತು?"

"ಕೆಸರಮ್ಮ. ಕಣ್ಣು ಬಿಟ್ಟು ಬೇರೆ ಏನೂ ಕಾಣ್ತಿರಲಿಲ್ಲ. ಆಮೇಲೆ ಕೈ ಬೇರೆ ಎತ್ತಿದ."

"ಸಲ್ಯೂಟ್ ಹೊಡದ."

"ಸೆಲ್ಯೂಟ್ ಅಂತ ಅವರು ಬರೆದದ್ದು. ಬಿಸಿಲಿಗೆ ಕಣ್ಣು ಚುಚ್ಚಿರಬೇಕು ಅಂದ್ಕೊಂಡೆ ನಾನು. ಹೀಗೆ ಹಿಡಿದಿದ್ದ ನೋಡಿ."

ಅವನು ತನ್ನ ಬಲಗೈ ಎತ್ತಿದ. ಅಂಗೈ ಹೊರಗೆ ಮಾಡಿ ತನ್ನ ಮುಖಕ್ಕೆ ಅಡ್ಡ ಹಿಡಿದ.

ಸೂಜಿ ನನ್ನ ಬೆರಳಿಗೆ ಹೊಕ್ಕಿತು. ಪಕ್ಕದ ಮನೆಯಲ್ಲಿ ಕಾಶಿಂಬಿ ಹಾಡಿಕೊಳ್ಳುತ್ತಾ ಪಾತ್ರೆ ತಿಕ್ಕುತ್ತಿದ್ದಳು. ತಿಂಗಳುಗಟ್ಟಲೆ ಆ ಮನೆಯಿಂದ ಹಾಡು ಕೇಳಿರಲಿಲ್ಲ.

"ಕೈ ಇಳಸು" ಅಂದೆ. "ಮೊದಲ ಕೈ ಇಳಸು."

ಆಮೇಲೆ ಅವನಿಗೆ ಎಲ್ಲಾ ಹೇಳಿದೆ. ಅತ್ತೆಯ ತುರುಬಿನ ಕಥೆ ಹೇಳಿದೆ. ಆ ಹುಡುಗ ಬೇಡ ಅಂದಿದ್ದ. ಗುಂಡು ಬೀಳುವ ಜಾಗದಲ್ಲಿ, ಉಸಿರು ನಿಲ್ಲುವ ಹೊತ್ತಿನಲ್ಲಿ, ಕೂಸಿದ್ದಾಗ ಕಲಿತದ್ದನ್ನು ಮರೆಯದೆ ಕೈ ಎತ್ತಿ ಬೇಡ ಅಂದಿದ್ದ. ಇವನು ತೆಗೆದ. ಸೇತುರಾಮನ ಮುಖ ಬೂದಿಯಾಯಿತು. "ನನಗೆ ಗೊತ್ತಿರಲಿಲ್ಲಮ್ಮ. ನಿಮ್ಮೂರಿನ ಪದ್ಧತಿ ನನಗೆ ಹೇಗೆ ಗೊತ್ತಾಗಬೇಕು?"

"ಪದ್ಧತಿ ಗೊತ್ತಿರಬೇಕಾಗಿಲ್ಲೋ ಯಪ್ಪಾ! ಸಾಯೋ ಹುಡುಗ ಮಾರಿಗೆ ಕೈ ಅಡ್ಡ ಹಿಡದ್ರ ಏನಂತ ತಿಳೀಬೇಕೋ ಅದು ಎಲ್ಲಾ ಊರಾಗೂ ಒಂದ. ನಿನ್ನ ಊರಾಗ ಏನಂತಾರ ಅದಕ್ಕ? ಹೇಳು. ಸಲ್ಯೂಟ್ ಅಂತಾರೇನು?"

ಅವನು ಅತ್ತ. ಅಳಲಿ ಅಂತ ಬಿಟ್ಟೆ. ನನಗೆ ಬೇರೆ ಯೋಚನೆ ಬಂದಿತ್ತು. ತಾನೇ ಬೇಡ ಅಂದವನ ಪಟ ಯಾರ ಹೂಂಗೂ ತಿರುಗುವುದಿಲ್ಲ. ಹಾಗಾದರೆ ಬೆಳಿಗ್ಗೆ ಸಾಲಿನಲ್ಲಿ ನಿಂತು ಹೂಂ ಅಂದವರ ಮಾತಿಗೆ ಬೆಲೆಯೇ ಇರಲಿಲ್ಲ. ಅವನು ಮೌಲಾಲಿ ಇರಬಹುದು. ಬಸಲಿಂಗ ಇರಬಹುದು. ಆ ನೆಲದ ಮೇಲೆ ಕೂತು ನಕ್ಕವಳ ಮಗ ಇರಬಹುದು. ಮತ್ತೆ, ಹೇಳಿಬಿಡುತ್ತೇನೆ, ಒಂದು ಗಳಿಗೆ ನನ್ನ ಎದೆ ಹಕ್ಕಿಯ ಹಾಗೆ ಹಾರಿತು. ನನ್ನ ದ್ಯಾಮಣ್ಣ ಅಲ್ಲದೆಯೂ ಇರಬಹುದು! ನಾಳೆ ನಾನೂ ಹೋಗಿ ಹೂಂ ಅಂದರೆ ಪಟ ತಿರುಗುವುದಿಲ್ಲ, ನಾನೂ ಎಲ್ಲರ ಹಾಗೆ ಮೇಜು ಬಡಿದು ನಕ್ಕು ಮನೆಗೆ ಬರಬಹುದು. ಆದರೆ ನನ್ನ ಹೂಂಗೂ ತಿರುಗದಿದ್ದರೆ ಆ ಹೆಂಗಸರು ಸುಮ್ಮನೆ ಕೂರುತ್ತಾರೆಯೇ? ಯಾರ ಮಗನೂ ಅಲ್ಲದ ಮಗ ಯಾವನು ಅಂತ ರಾತ್ರಿಯೊಳಗೆ ಯೋಚನೆ ಮಾಡುತ್ತಾರೆ. ಎತ್ತಿದ ಮೊಣಕೈ ನೋಡುತ್ತಾರೆ. ಅವರಿಗೆ ನನಗಿಂತ ಕಡಿಮೆ ಬುದ್ಧಿಯಿಲ್ಲ, ಅಷ್ಟು ಹೊತ್ತು ಅವರಿಗೆ ಆಸೆ ಅಡ್ಡ ನಿಂತಿತ್ತು, ಅಷ್ಟೇ. ಪಕ್ಕದ ಮನೆಯ ಹಾಡು ನಿಲ್ಲುತ್ತದೆ.

"ಈ ಕೈ ಇನ್ನ ಮ್ಯಾಲೆ ನೀ ಯಾರಿಗೂ ತೋರಿಸ್ಬ್ಯಾಡ" ಅಂದೆ ಸೇತುರಾಮನಿಗೆ. "ಕೇಳಿದ್ರ ಸಲ್ಯೂಟ್ ಅನ್ನು."

"ಅದು ಸುಳ್ಳಲ್ವಾಮ್ಮ?"

"ಇಷ್ಟು ದಿನ ನಿನಗೋಸ್ಕರ ಸುಳ್ಳು ಹೇಳಿದಿ. ಇನ್ನ ಮ್ಯಾಲೆ ಅವರಿಗೋಸ್ಕರ ಹೇಳು."

ಮರುದಿನ ಪುರಭವನ ತುಂಬಿತ್ತು. ನಾನು ಪಟದ ಮುಂದೆ ನಿಂತೆ. ಸಾಹೇಬ ತಾನೇ "ತೆಗೀಲಾ?" ಅಂದ. ನಾನು ಅಂಗೈ ಎತ್ತಿ ನನ್ನ ಮುಖಕ್ಕೆ ಅಡ್ಡ ಹಿಡಿದೆ. "ಇಂವ ನನ್ನ ಮಗ. ನಾ ಬ್ಯಾಡ ಅಂತೀನಿ" ಅಂದೆ.

ಏನು ಗದ್ದಲ! ಸಾಹೇಬ ಮೇಜು ಕುಟ್ಟಿದ. ದೇಶದ ಆಸ್ತಿ ಅಂದ, ದೇಶದ್ರೋಹ ಅಂದ, ಮಂತ್ರಿಗಳ ಮರ್ಯಾದೆ ಅಂದ. "ಹೂಂ ಅನ್ನದೆ ನಿನ್ನ ಮಗನೇ ಅಂತ ಏನು ಗ್ಯಾರಂಟಿ?" ಅಂದ. ನನ್ನ ಹಿಂದಿನಿಂದ ರುದ್ರವ್ವ ಎದ್ದಳು. "ನಾವೆಲ್ಲಾ ಹೂಂ ಅಂದು ತೋರಿಸಿಲ್ಲೇನ್ರಿ? ಉಳದಾಕಿ ಅಕಿ ಒಬ್ಬಾಕಿ. ಇನ್ನೇನು ಗ್ಯಾರಂಟಿ ಬೇಕು ನಿಮಗ? ಅಕಿ ಮಗ, ಅಕಿ ಇಚ್ಛಾ. ನಡೀರಿ ಹೊರಗ." ಸೇತುರಾಮ ಒಂದು ಮೂಲೆಯಲ್ಲಿ ನಿಂತು ಕೈಗಳೆರಡನ್ನೂ ಜೇಬಿನಲ್ಲಿ ಹುದುಗಿಸಿಕೊಂಡಿದ್ದ. ಅದೊಂದು ಮಾತು ಅವನು ಉಳಿಸಿಕೊಂಡ.

ಕಾಶಿಂಬಿ ನನ್ನನ್ನು ತಬ್ಬಿಕೊಂಡು ಅತ್ತ ಹಾಗೆ ಅವಳ ಸ್ವಂತ ತಂಗಿ ಸತ್ತಾಗಲೂ ಅಳಲಿಲ್ಲ. ಹನ್ನೊಂದು ದಿನ ನನ್ನ ಒಲೆ ಹಚ್ಚಗೊಡಲಿಲ್ಲ. ರೊಟ್ಟಿ, ಪಲ್ಲೆ ಎಲ್ಲಾ ಆ ಹೆಂಗಸರ ಮನೆಗಳಿಂದ. ಬದುಕಿದ್ದಾನೋ ಸತ್ತಿದ್ದಾನೋ ಗೊತ್ತಿಲ್ಲದ ಮಗನಿಗೆ ನಾನು ಎಡೆಯಿಟ್ಟೆ. ಎಲ್ಲಕ್ಕಿಂತ ಕಷ್ಟವಾದದ್ದು ಅದಲ್ಲ. ಉಳಿದವರೆಲ್ಲಾ ಸಂಜೆಯ ಬಸ್ಸಿಗೆ ಹೋಗಿ ನಿಲ್ಲುತ್ತಿದ್ದರು, ಇಳಿಯುವವರ ಮುಖ ನೋಡುತ್ತಿದ್ದರು. ನಾನು ಹೋಗುವ ಹಾಗಿರಲಿಲ್ಲ. ಸತ್ತವನ ತಾಯಿ ಬಸ್ಸಿಗೆ ಕಾಯುವುದೆಂದರೆ ಹೇಗೆ? ಕಾಯುವ ಹಕ್ಕನ್ನೂ ಕೊಟ್ಟುಬಿಟ್ಟಿದ್ದೆ. ಮನೆಯಲ್ಲಿ ಕೂತು ಹೊಲಿಯುತ್ತಾ, ಬಸ್ಸಿನ ಹಾರನ್ನು ಕೇಳಿದಾಗ ಸೂಜಿ ನಿಲ್ಲಿಸುತ್ತಿದ್ದೆ. ಅಷ್ಟೇ ನನ್ನ ಕಾಯುವಿಕೆ.

ಒಂದು ಸಂಜೆ ಬಸಲಿಂಗ ಇಳಿದ! ಒಂದು ಕಾಲಿಲ್ಲ, ಹಲ್ಲಿಲ್ಲ, ಆದರೂ ಬಸಲಿಂಗನೇ. ಸೆರೆಯಲ್ಲಿದ್ದನಂತೆ. ರುದ್ರವ್ವ ಊರಿಗೆಲ್ಲಾ ಸಕ್ಕರೆ ಹಂಚಿದಳು. "ನೋಡಿದ್ರಿಲ್ಲೋ, ಪಟ ಸುಳ್ಳು ಹೇಳಂಗಿಲ್ಲ" ಅಂದಳು. ಅವತ್ತಿನಿಂದ ಉಳಿದವರ ಆಸೆ ಗೂಟ ಹೊಡೆದ ಹಾಗೆ ಗಟ್ಟಿಯಾಯಿತು. ಬಸಲಿಂಗನನ್ನು ನಾನು ಒಬ್ಬಳೇ ಇದ್ದಾಗ ಕೇಳಿದೆ, ದ್ಯಾಮಣ್ಣನನ್ನು ಎಲ್ಲಾದರೂ ಕಂಡೆಯಾ ಅಂತ. "ಯವ್ವಾ, ಆ ಕೆಸರಾಗ ನನ್ನ ಕೈ ಯಾವುದು ಅಂತ ನನಗ ಗೊತ್ತಾಗ್ತಿರಲಿಲ್ಲ" ಅಂದ.

ಬೇರೆ ಯಾರೂ ಬರಲಿಲ್ಲ. ಸಾಹೇಬನ ಖಾತೆಗೆ ಮುಖ ಸಿಗದಿದ್ದರೂ ನಷ್ಟವೇನೂ ಆಗಲಿಲ್ಲ. ಬೆನ್ನನ್ನೇ ಇನ್ನಷ್ಟು ದೊಡ್ಡದು ಮಾಡಿ ಅಚ್ಚು ಹಾಕಿದರು. ನಮ್ಮ ಓಣಿಯಲ್ಲಿ ಮುದುಕಿಯರಿಗೆ ರಾತ್ರಿ ಶಾಲೆ ಶುರುವಾದಾಗ ಕಾಶಿಂಬಿಯೇ ನನ್ನನ್ನು ಎಳೆದುಕೊಂಡು ಹೋದಳು. ಅಲ್ಲಿ ಕೊಟ್ಟ ಪುಸ್ತಕದಲ್ಲೂ ಆ ಪಟ ಇತ್ತು. ಅಕ್ಷರ ಕೂಡಿಸಿಕೊಂಡು ನಾನು ಜೀವನದಲ್ಲಿ ಓದಿದ ಮೊದಲ ಪೂರಾ ಸಾಲು: ವೀರನು ಕೊನೆಯ ವಂದನೆ ಸಲ್ಲಿಸಿದನು. ಓದು ಕಲಿತದ್ದಕ್ಕೆ ಮೇಸ್ಟ್ರು ಭೇಷ್ ಅಂದರು. ಕಾಶಿಂಬಿ ಪಕ್ಕದಲ್ಲಿ ಕೂತು ಆ ಬೆನ್ನನ್ನು ಬೆರಳಿನಿಂದ ಸವರಿ, "ನಮ್ಮ ದ್ಯಾಮಣ್ಣ" ಅಂದಳು. ನಾನು ಪುಸ್ತಕ ಮುಚ್ಚಿದೆ. ಹರಿದು ಒಲೆಗೆ ಹಾಕುವಷ್ಟು ಸಿಟ್ಟಿತ್ತು. ಅವಳ ಮುಂದೆ ಹಾಗೆ ಮಾಡುವುದು ಹೇಗೆ?

ಸಾಯುವ ಮುಂಚೆ ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ. ನಾನು ಗಂಜಿ ಕುಡಿಸುತ್ತಿದ್ದೆ. "ನೀ ಪಾಪ, ಅವತ್ತ ಕಳಕೊಂಡಿ" ಅಂದಳು. "ನಂದು ಇನ್ನೂ ಐತಿ. ಮೌಲಾ ಬಂದ್ರ ಬಾಗಲಾ ತಗೀತಿಯಲ್ಲ?"

"ತಗೀತೀನಿ" ಅಂದೆ. "ಹೂಂ, ತಗೀತೀನಿ ಕಾಶಿಂಬಿ."

ನಾನು ಮಾಡಿದ್ದು ಸರಿಯೋ ತಪ್ಪೋ ಅಂತ ಎಷ್ಟೋ ಸಲ ಯೋಚಿಸಿದ್ದೇನೆ. ಆದರೆ ಯೋಚಿಸಬೇಕಾದವಳು ನಾನೇ ಯಾಕೆ ಅನ್ನುವುದೇ ನನ್ನ ಪ್ರಶ್ನೆ. ಒಬ್ಬ ಹುಡುಗ ಕೈ ಅಡ್ಡ ಹಿಡಿದ. ತೆಗೆದವನಿಗೆ ಪದಕ ಬಂತು, ಬರೆದವನಿಗೆ ಬಡ್ತಿ ಬಂತು, ಅಂಚೆಚೀಟಿಗೆ ಅಂಟು ಬಂತು. ಅವನು ಹೇಳಿದ ಒಂದೇ ಒಂದು ಮಾತು ಯಾರಿಗೂ ಬೇಕಾಗಲಿಲ್ಲ. ಅವನು ನನ್ನ ದ್ಯಾಮಣ್ಣನೋ, ಕಾಶಿಂಬಿಯ ಮೌಲಾಲಿಯೋ, ನನಗೆ ಗೊತ್ತಿಲ್ಲ. ಇನ್ನು ಗೊತ್ತಾಗುವುದೂ ಇಲ್ಲ. ಯಾರ ಮಗನಾದರೂ ಆಗಿರಲಿ, ಅವನು ಸೆಲ್ಯೂಟ್ ಹೊಡೆಯಲಿಲ್ಲ. ಬೇಡ ಅಂದ.

ಹೋದ ವಾರ ಕಂಚಿನ ಗೊಂಬೆಯ ಮುಂದೆ ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ಪರಊರಿನ ಪೇಪರಿನವರು ಗುಂಪಾಗಿ ಕ್ಯಾಮೆರಾ ಹಿಡಿದು ನುಗ್ಗಿದರು. "ಅಜ್ಜಿ ಈ ಕಡೆ, ಅಜ್ಜಿ ಈ ಕಡೆ" ಅನ್ನುತ್ತಿದ್ದರು. ತೆಗೀಲಾ ಅಂತ ಒಬ್ಬನಾದರೂ ಕೇಳುತ್ತಾನೇನೋ ಅಂತ ಕಾದೆ. ಕಾಯುವುದು ನನಗೆ ಚೆನ್ನಾಗಿ ಬರುತ್ತದೆ. ಒಬ್ಬನೂ ಕೇಳಲಿಲ್ಲ. ನಾನು ಬಲಗೈ ಎತ್ತಿ, ಅಂಗೈ ಹೊರಗೆ ಮಾಡಿ, ಮುಖಕ್ಕೆ ಅಡ್ಡ ಹಿಡಿದೆ. ತೆಗೆದರು.

ಮರುದಿನ ಪೇಪರು ತರಿಸಿಕೊಂಡು ನಾನೇ ಓದಿದೆ. ಮೊದಲ ಪುಟದಲ್ಲಿ ನನ್ನ ಬೆನ್ನು, ಶಾಲು, ಮೇಲೆತ್ತಿದ ಮೊಣಕೈ. ಎದುರಿಗೆ ಮೀಸೆಯ 'ಕಲ್ಪನೆ'. ಕೆಳಗೆ ದಪ್ಪಕ್ಷರದಲ್ಲಿ ಬರೆದಿದ್ದರು: ವೀರಪುತ್ರನಿಗೆ ತಾಯಿಯ ಸೆಲ್ಯೂಟ್.